ಎರಡು ಕಿವಿಗೆ ಎರಡು ಶ್ರುತಿ

ಕಳೆದ ತಿಂಗಳು ನಮ್ಮ ಪಿಟೀಲಿನ ಸರ್ ಅವರ ತಂಗಿ ಮಂಗಳೂರಿನಿಂದ ಫೋನ್ ಮಾಡಿದರು. ಬೆಳಿಗ್ಗೆ ಚಹಾ ಕುಡಿದು ಕುರ್ಚಿಯಲ್ಲಿ ಕೂತ ಅಣ್ಣ ಕೂತ ಹಾಗೆಯೇ ಹೋಗಿಬಿಟ್ಟರಂತೆ. ಸುದ್ದಿ ಕೇಳಿ ನನಗೆ ಮೊದಲು ಬಂದದ್ದು ಅಳುವಲ್ಲ, ಹೆದರಿಕೆ. ಆರು ವರ್ಷದ ಹಿಂದೆ, ಎರಡು ತಿಂಗಳ ಕಾಲ ನನ್ನ ಜೊತೆಗಿದ್ದ ಅದೇ ಹೆದರಿಕೆ. ಸ್ವಲ್ಪ ಹೊತ್ತಿನ ಮೇಲೆ ಅಳು ಬಂತು.

ಅವರ ಬಗ್ಗೆ ಬರೆಯುತ್ತೇನೆ ಎಂದಾಗ ತಂಗಿ ಹೇಳಿದ್ದು ಒಂದೇ ಮಾತು: "ಹೆಸರು ಹಾಕ್ಬೇಡಿ ಆಯ್ತಾ. ಅವನಿಗೆ ಅದು ಆಗ್ತಿರಲಿಲ್ಲ." ನಿಜ. ತಾವೇ ಬರೆದ ಸಂಗೀತದ ಹಾಳೆಯ ಮೇಲೂ ಅವರು ಹೆಸರು ಬರೆಯುತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಅವರನ್ನು ಮಾಸ್ಟರ್‌ಜೀ ಎನ್ನುತ್ತಿದ್ದರು. ನಾವು ಸರ್ ಎನ್ನುತ್ತಿದ್ದೆವು.

ಬಹರೈನಿನ ಅಸ್ಕರ್ ಕಡೆ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಅವರು ಎಲೆಕ್ಟ್ರಿಶಿಯನ್. ಉದ್ದನೆಯ, ಒಣಗಿದ ದೇಹ. ನಾಲ್ಕೂವರೆಗೆ ಕಂಪನಿ ಬಸ್ಸು ಅವರ ರೂಮಿದ್ದ ಗುದೈಬಿಯಾದಲ್ಲಿ ಇಳಿಸಿದರೆ ಕಾಕಿ ಬಟ್ಟೆಯಲ್ಲೇ ಮೂಲೆಯ ಹೋಟೆಲಿನಲ್ಲಿ ಒಂದು ಚಹಾ, ಆಮೇಲೆ ರೂಮು, ಪಿಟೀಲು. ಊರಿನ ಇಗರ್ಜಿಯ ಶಾಲೆಯಲ್ಲಿ ಚಿಕ್ಕಂದಿನಲ್ಲಿ ಕಲಿತ ಪಾಶ್ಚಾತ್ಯ ಪಿಟೀಲು ಅದು. ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ರಿಹರ್ಸಲಿಗೆ ಟೈಮಿಲ್ಲ, ಮದುವೆಗೆ ಎಲ್ಲಿಂದ ತರ್ಲಿ?" ಎನ್ನುತ್ತಿದ್ದರು.

ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ಟ್ಯೂಶನ್ ಸೆಂಟರಿನ ಮಹಡಿಯ ಕೋಣೆಯಲ್ಲಿ ಹನ್ನೆರಡು ಜನ ಸೇರುತ್ತಿದ್ದೆವು. ಎಲ್ಲರೂ ತಂತಿವಾದ್ಯದವರು. ನರ್ಸುಗಳು, ಹೋಟೆಲಿನವರು, ಒಬ್ಬ ಗೋವಾದ ಅಕೌಂಟೆಂಟ್, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುವ ಫಿಲಿಪಿನೋ ನರ್ಸ್ ಲೀಜಾ. ನಾನು ಸೇರಿದ್ದು ಆಕಸ್ಮಿಕ. ನನ್ನದು ಕಾರ್ಕಳದ ಕಡೆ, ಮನೆಮಾತು ತುಳು, ಅವರದು ಕೊಂಕಣಿ. ನಮ್ಮಿಬ್ಬರ ನಡುವೆ ಮಂಗಳೂರು ಕನ್ನಡ ನಡೆಯುತ್ತಿತ್ತು. ಹುಡುಗಿಯಾಗಿದ್ದಾಗ ನಾನು ನೆಲದ ಮೇಲೆ ಕೂತು ಕರ್ನಾಟಕ ಸಂಗೀತದ ಪಿಟೀಲು ಕಲಿತವಳು. ಅದು ಅವರಿಗೆ ಯಾರಿಂದಲೋ ಗೊತ್ತಾಗಿ ಕರೆಸಿಕೊಂಡರು.

"ನಿಂತು ನುಡಿಸಿದ್ರೆ ಬೀಳ್ತೀಯಾ?" ಎಂದು ಮೊದಲ ದಿನ ಕೇಳಿದರು.

ನಿಂತೇ ಒಂದು ವರ್ಣದ ಎರಡು ಸಾಲು ನುಡಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, "ನಿನ್ನ ಬೆರಳು ಜಾರ್ತದೆ," ಎಂದರು.

"ಅದು ಗಮಕ ಸರ್. ಬೇಡದಿದ್ರೆ ಬಿಡ್ತೇನೆ."

"ಬಿಡ್ಬೇಡ ಮಾರಾಯ್ತಿ. ಇವ್ರಿಗೆಲ್ಲ ಸ್ವರದಿಂದ ಸ್ವರಕ್ಕೆ ಹಾರ್ಲಿಕ್ಕೆ ಮಾತ್ರ ಗೊತ್ತುಂಟು. ನಡುವೆ ಜಾಗ ಉಂಟೂಂತ ಗೊತ್ತಿರೋಳು ನನಗೊಬ್ಳು ಬೇಕು."

ಆ ನಡುವಿನ ಜಾಗವೇ ಅವರ ಹುಚ್ಚು. ಅದನ್ನು ಅವರು ಕಂಡುಕೊಂಡದ್ದು ಕಂಪನಿ ಬಸ್ಸಿನಲ್ಲಿ. ಡ್ರೈವರ್ ಸಿತ್ರಾದ ಹಳ್ಳಿಯವನು, ದಾರಿಯುದ್ದಕ್ಕೂ ಹಳೆಯ ಅರಬ್ಬಿ ಹಾಡು ಹಾಕುತ್ತಿದ್ದ. ಉಳಿದವರೆಲ್ಲ ನಿದ್ದೆ ಹೋಗುತ್ತಿದ್ದಾಗ ಇವರು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದರು. ಮೊದಲ ವರ್ಷ, ಈ ಗಾಯಕರಿಗೆ ಶ್ರುತಿ ಇಲ್ಲವಲ್ಲ ಅನಿಸಿತಂತೆ. ಎರಡನೇ ವರ್ಷ, ಎಲ್ಲರೂ ಒಂದೇ ಜಾಗದಲ್ಲಿ ಒಂದೇ ರೀತಿ ಹೇಗೆ ತಪ್ಪುತ್ತಾರೆ ಎಂಬ ಅನುಮಾನ. ಮೂರನೇ ವರ್ಷ ರೂಮಿಗೆ ಬಂದು ಪಿಟೀಲಿನ ಮೇಲೆ ಬೆರಳು ಇಟ್ಟು ಹುಡುಕಿದರಂತೆ: ಪಿಯಾನೋದ ಬಿಳಿ ಕೀಲಿಗೂ ಕಪ್ಪು ಕೀಲಿಗೂ ನಡುವೆ, ಪಿಯಾನೋಕ್ಕೆ ಬಾಯಿಯೇ ಇಲ್ಲದ ಕಡೆ, ಆ ಸ್ವರ ಕೂತಿತ್ತು. "ಆ ದಿನ ಊಟ ಮಾಡ್ಲಿಕ್ಕೆ ಮರೆತೆ," ಎಂದು ಹೇಳುತ್ತಿದ್ದರು.

ಯುರೋಪಿನ ದೊಡ್ಡ ದೊಡ್ಡ ವಾದ್ಯವೃಂದಗಳಿಗೆ ಅರಬ್ಬಿ ರಾಗ ಬೆರೆಸಿ ಬರೆದವರ ಮೇಲೆ ಅವರಿಗೆ ಗೌರವವೂ ಇತ್ತು, ಸಿಟ್ಟೂ ಇತ್ತು. "ಎಂತದು ಅಂದ್ರೆ, ಒಂದು ಓಬೋ ಪೀಪಿ, ಒಂದು ಟಾಂಬರೀನಿನ ಗೆಜ್ಜೆ, ಎರಡು ಸ್ವರದ ನಡುವೆ ಒಂದು ದೊಡ್ಡ ಹಾರಾಟ. ಆಯ್ತು, ಮರಳುಗಾಡು ರೆಡಿ! ಒಂಟೆ ಬಂತು!" ನಾವು ನುಡಿಸುವಾಗಲೂ ಯಾರಾದರೂ ಸುಲಭದ ಅರಬ್ಬಿ ಧಾಟಿಗೆ ಇಳಿದರೆ ವಾದ್ಯವೃಂದ ನಡೆಸುವ ಕೋಲನ್ನು ಮೇಜಿಗೆ ಕುಟ್ಟಿ, "ಒಂಟೆ! ಒಂಟೆ ಬಂತು, ಹೊರಗೆ ಕಟ್ಟಿ ಬಾ," ಎನ್ನುತ್ತಿದ್ದರು. ಲೀಜಾಳಿಗೆ ಕನ್ನಡ ಬಾರದಿದ್ದರೂ ಒಂಟೆ ಎಂಬ ಶಬ್ದ ಗೊತ್ತಿತ್ತು.

ಇನ್ನೊಮ್ಮೆ ಯಾರೋ, ಪಿಟೀಲಿನಲ್ಲಿ ಅರಬ್ಬಿ ಸಂಗೀತ ಸರಿ ಕಾಣುವುದಿಲ್ಲ ಎಂದಾಗ, ಪಿಟೀಲನ್ನು ಮಗುವಿನ ಹಾಗೆ ಎತ್ತಿ ತೋರಿಸಿದರು. "ಇದರ ಅಜ್ಜ ಯಾರು ಗೊತ್ತುಂಟಾ? ಅರಬ್ಬರ ರಬಾಬ್, ಅದನ್ನೂ ಕಮಾನಿಂದಲೇ ನುಡಿಸುದು. ಹಡಗು ಹತ್ತಿ ಆಚೆ ಹೋಯ್ತು, ಕೋಟು ಹಾಕ್ಕೊಂಡು ವಾಪಸ್ ಬಂತು. ಮೊಮ್ಮಗ ಅಜ್ಜನ ಮನೆಗೆ ಬಂದದ್ದಕ್ಕೆ ನೀವು ವೀಸಾ ಕೇಳ್ತೀರಲ್ಲ!"

ಅವರು ಎರಡು ವರ್ಷದಿಂದ ಒಂದು ದೊಡ್ಡ ಕೃತಿ ಬರೆಯುತ್ತಿದ್ದರು. ಹನ್ನೆರಡು ತಂತಿವಾದ್ಯ, ಜೊತೆಗೆ ಒಂದು ಕಾನೂನ್. ಕಾನೂನ್ ಎಂದರೆ ತೊಡೆಯ ಮೇಲಿಟ್ಟು ಮೀಟುವ, ಎಪ್ಪತ್ತಕ್ಕೂ ಹೆಚ್ಚು ತಂತಿಗಳ ಅರಬ್ಬಿ ವಾದ್ಯ. ಅದರ ಒಂದು ಬದಿಯಲ್ಲಿ ಸಾಲಾಗಿ ಪುಟ್ಟ ಹಿತ್ತಾಳೆಯ ಕೀಲುಗಳಿರುತ್ತವೆ. ಒಂದೊಂದು ಕೀಲು ಎತ್ತಿ ಇಳಿಸಿ ಸ್ವರವನ್ನು ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ಅದನ್ನು ನುಡಿಸುತ್ತಿದ್ದವರು ಮುಹರ್ರಕ್‌ನ ಒಬ್ಬ ಹಿರಿಯ ಬಹರೈನಿ ಹೆಂಗಸು, ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಇಲ್ಲಿ ಟೀಚರಿಗೆ ಅಬ್ಲಾ ಎನ್ನುತ್ತಾರೆ, ನಾವೂ ಹಾಗೆಯೇ ಕರೆಯುತ್ತಿದ್ದೆವು. ಬಸ್ಸಿನಲ್ಲಿ ಸರ್ ಕಿವಿಗೆ ಬಿದ್ದ ಅರಬ್ಬಿ ರಾಗಗಳಿಗೆಲ್ಲ ಹೆಸರು ಹೇಳಿಕೊಟ್ಟವರು ಅವರೇ: ಇದು ರಾಸ್ತ್, ಇದು ಬಯಾತಿ, ಇದು ಸೀಕಾ. ಅಬ್ಲಾ ಎದುರಿಗೆ ಮಾತ್ರ ಸರ್ ಹೆದರಿದ ವಿದ್ಯಾರ್ಥಿ. ಅಬ್ಲಾ ಇಂಗ್ಲಿಷ್ ಮತ್ತು ಬಜಾರಿನ ಹಿಂದಿ ಬೆರೆಸಿ ಮಾತಾಡುತ್ತಿದ್ದರು, ಹೊಗಳಿಕೆ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಸರಿ ಇದ್ದರೆ ಸುಮ್ಮನಿರುತ್ತಿದ್ದರು, ತಪ್ಪಿದರೆ "ಲಾ" ಎನ್ನುತ್ತಿದ್ದರು. ಇಲ್ಲ ಎಂದರ್ಥ.

ಈಗ ನನ್ನ ಕೆಲಸದ ಬಗ್ಗೆ ಹೇಳಬೇಕು. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆಯ ಕೋಣೆ ನನ್ನದು. ಗದ್ದಲದ ಕಾರ್ಖಾನೆಗಳಲ್ಲಿ ದುಡಿಯುವವರನ್ನು ವರ್ಷಕ್ಕೊಮ್ಮೆ ಕಳಿಸುತ್ತಾರೆ. ದಪ್ಪ ಗೋಡೆಯ ಪೆಟ್ಟಿಗೆಯಂಥ ಜಾಗದಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸಣ್ಣ ಸಣ್ಣ ಶಬ್ದ ಕೊಡುತ್ತೇನೆ. ಕೇಳಿದಾಗ ಕೈಯಲ್ಲಿರುವ ಬಟನ್ ಒತ್ತಬೇಕು. ಅದರಲ್ಲಿ ಫೇಲಾದವನು ಯಂತ್ರದ ಹತ್ತಿರ ಕೆಲಸ ಮಾಡುವ ಹಾಗಿಲ್ಲ. ಯಂತ್ರದ ಹತ್ತಿರವಲ್ಲದೆ ಬೇರೆ ಕೆಲಸ ಇಲ್ಲದಿದ್ದರೆ ಕರಾರು ಮುಗಿಯಿತು, ವೀಸಾವೂ ಮುಗಿಯಿತು. ಆ ಪೆಟ್ಟಿಗೆಯೊಳಗೆ ಕೂತ ಗಂಡಸರ ಮುಖಗಳನ್ನು ನಾನು ಎಷ್ಟೋ ನೋಡಿದ್ದೇನೆ. ಉಸಿರು ಬಿಗಿಹಿಡಿದು, ಇಲ್ಲದ ಶಬ್ದಕ್ಕೂ ಕಾಯುವ ಮುಖಗಳು.

ಆ ವರ್ಷ ರಂಜಾನ್ ಶುರುವಾಗುವ ಮೊದಲು ಸರ್ ಬಂದರು. ಹಿಂದಿನ ವರ್ಷ ಅವರ ಪರೀಕ್ಷೆ ಬೇರೆಯವರು ಮಾಡಿದ್ದರು, ಎಲ್ಲ ಸರಿ ಎಂದಿತ್ತು ಕಡತ. ಈ ಸಲವೂ ಶುರುವಿನಲ್ಲಿ ಎಲ್ಲ ಸರಿ. ಬಟನ್ ತಪ್ಪದೆ ಒತ್ತುತ್ತಿದ್ದರು. ಒಂದು ಹಂತದಲ್ಲಿ ನನಗೆ ಸೀನು ಬಂತು. ಶಬ್ದ ಕೊಡುವುದು ಎರಡು ಕ್ಷಣ ತಡವಾಯಿತು. ಆದರೆ ಗಾಜಿನ ಆಚೆ ಅವರ ಬೆರಳು, ಶಬ್ದ ಬರಬೇಕಿದ್ದ ಹೊತ್ತಿಗೆ ಸರಿಯಾಗಿ, ಬಟನ್ ಒತ್ತಿತ್ತು.

ಬಾಗಿಲು ತೆರೆದೆ.

"ಸರ್, ನಾನು ಈಗ ಸೌಂಡ್ ಕೊಡ್ಲೇ ಇಲ್ಲ."

ಅವರು ಹೆಡ್‌ಫೋನ್ ತೆಗೆದರು. "ಎಂತ?"

"ನಾನು ಎಂತದೂ ಕೊಟ್ಟಿರ್ಲಿಲ್ಲ. ನೀವು ಒತ್ತಿದ್ರಿ. ನೀವು ತಾಳ ಲೆಕ್ಕ ಹಾಕ್ತಾ ಇದ್ದೀರಿ."

ನಾನು ಮತ್ತೆ ಕೂರಿಸಿ, ಈ ಸಲ ಬೇಕೆಂತಲೇ ಅಡ್ಡಾದಿಡ್ಡಿ ಅಂತರ ಬಿಟ್ಟು ಶಬ್ದ ಕೊಟ್ಟೆ. ಎತ್ತರದ ಶ್ರುತಿಯ ಶಬ್ದಗಳು ಎರಡು ಕಿವಿಗೂ ಕೇಳುತ್ತಿರಲಿಲ್ಲ. ಎಡಗಿವಿಯಲ್ಲಿ ನಡುವಿನ ಶಬ್ದಗಳೂ ಕುಸಿದಿದ್ದವು. ಪರದೆಯ ಮೇಲೆ ಗೆರೆ ಕೆಳಗೆ ಇಳಿಯುತ್ತಾ ಹೋಯಿತು. ಅವರು ಗಾಜಿನ ಆಚೆಯಿಂದ ಪರದೆಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

"ಎಷ್ಟು ಸಮಯ ಆಯ್ತು?" ಎಂದು ಕೇಳಿದೆ.

"ಎರಡು ವರ್ಷ ಇರ್ಬೇಕು. ಮೊದ್ಲು ಮೈಕ್ರೋವೇವಿನ ಬೀಪ್ ಹೋಯ್ತು. ಅದು ಹಾಳಾಯ್ತೂಂತ ನಾನು ಹೊಸತು ತಂದೆ." ನಗಲು ನೋಡಿದರು, ಆಗಲಿಲ್ಲ. "ಈಗ ಇನ್ನೊಂದುಂಟು. ಒಂದೇ ಸ್ವರ ಎಡಗಿವಿಗೆ ಒಂದು ಶ್ರುತಿ, ಬಲಗಿವಿಗೆ ಇನ್ನೊಂದು ಶ್ರುತಿ ಕೇಳ್ತದೆ. ನಡುವೆ ಇಷ್ಟು ಗ್ಯಾಪ್." ಎರಡು ಬೆರಳು ಹತ್ತಿರ ತಂದು ತೋರಿಸಿದರು. ರಿಹರ್ಸಲಿನಲ್ಲಿ ಎಡಗಿವಿಗೆ ಹೆಬ್ಬೆರಳು ಒತ್ತಿ ನಿಲ್ಲುವ ಅವರ ಭಂಗಿಯನ್ನು ನಾವು ಗತ್ತು ಎಂದುಕೊಂಡಿದ್ದೆವು.

"ಯಾವುದು ಸರಿ ಅಂತ ಹೇಗೆ ಗೊತ್ತಾಗ್ತದೆ?"

"ಅದೇ ಗೊತ್ತಾಗುದಿಲ್ಲ ಮಾರಾಯ್ತಿ." ಆ ಪೆಟ್ಟಿಗೆಯೊಳಗೆ ಅವರ ಸ್ವರ ಬಹಳ ಸಣ್ಣದಾಗಿ ಕೇಳಿತು. "ನಾನು ಬರೆದದ್ದೆಲ್ಲ ನಡುವಿನ ಸ್ವರ. ಅದು ಅರಬ್ಬರ ಸ್ವರವೋ, ನನ್ನ ರೋಗವೋ? ರಾತ್ರಿಯೆಲ್ಲ ರೂಮಲ್ಲಿ ಕೂತು ಅದನ್ನೇ ಯೋಚ್ನೆ ಮಾಡ್ತೇನೆ."

ಆಮೇಲೆ ಅವರು ಬೇಡಿಕೊಂಡರು. ಆ ಕೃತಿಯ ಸಂಗೀತ ಕಚೇರಿ ಎರಡು ತಿಂಗಳಲ್ಲಿತ್ತು. ಒಂದು ಶಾಲೆಯ ಸಭಾಂಗಣ ಗೊತ್ತುಮಾಡಿಯಾಗಿತ್ತು. ಅದು ಮುಗಿದ ಮೇಲೆ ರಿಪೋರ್ಟ್ ಬರೆದುಬಿಡು, ಅಲ್ಲಿಯವರೆಗೆ ನಾನು ಕರೆಂಟಿನ ಪ್ಯಾನೆಲ್ ರೂಮು ಬಿಟ್ಟು ಹೊರಗೆ ಕಾಲಿಡುವುದಿಲ್ಲ ಎಂದರು. ಅಂಥ ಫಲಿತಾಂಶ ಬಂದರೆ ಕೆಲವು ದಿನ ಗದ್ದಲದಿಂದ ದೂರವಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡುವ ಕ್ರಮವಿದೆ. ನಾನು ಆ ಸಂದಿನಲ್ಲಿ ನುಸುಳಿದೆ. ಮರುಪರೀಕ್ಷೆ ಎಂದು ಬರೆದು, ಕೆಲವು ದಿನದ ಬದಲು ಎರಡು ತಿಂಗಳ ಆಚೆಯ ತಾರೀಕು ಹಾಕಿದೆ. ಬರೆಯುವಾಗ ಪೆನ್ನು ಹಿಡಿದ ಕೈ ನನ್ನದಲ್ಲ ಅನಿಸುತ್ತಿತ್ತು. ಆದರೆ ನನ್ನದೇ.

ಅಂದಿನಿಂದ ನನ್ನ ಬದುಕು ಬೇರೆಯಾಯಿತು. ಅವರು ಕಳೆದುಕೊಂಡದ್ದು ಯಾವ ಶಬ್ದ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಕ್ಕೆ ಬರುವ ಗಾಡಿಯ ಎಚ್ಚರಿಕೆಯ ಬೀಪ್ ಇರುವುದು ಆ ಎತ್ತರದ ಶ್ರುತಿಯಲ್ಲೇ. ಗುದೈಬಿಯಾದ ಗಲ್ಲಿಗಳಲ್ಲಿ ನೀರಿನ ಲಾರಿ ಹಿಂದಕ್ಕೆ ಬಂದರೆ ನಾನು ನಿಂತುಬಿಡುತ್ತಿದ್ದೆ. ಆ ಬೀಪ್ ಮುಗಿಯುವವರೆಗೆ ಕಾಲು ಕೀಳಲಾಗುತ್ತಿರಲಿಲ್ಲ. ಮಧ್ಯಾಹ್ನ ಫೋನ್ ಬಡಿದರೆ ಎತ್ತುವ ಮೊದಲು ನಂಬರು ನೋಡುತ್ತಿದ್ದೆ. ನಾಲ್ಕೂವರೆಗೆ ಕಂಪನಿ ಬಸ್ಸು ನಿಲ್ಲುವ ಮೂಲೆಯನ್ನು ಕ್ಲಿನಿಕ್ಕಿನಿಂದ ಮನೆಗೆ ಹೋಗುವ ದಾರಿ ಮಾಡಿಕೊಂಡೆ. ಅವರು ಮೆಟ್ಟಿಲು ಇಳಿಯುವುದನ್ನು ದೂರದಿಂದ ನೋಡಿ ಮನೆಗೆ ಹೋಗುತ್ತಿದ್ದೆ. ಗಂಡನಿಗೂ ಹೇಳಲಿಲ್ಲ.

ಶುಕ್ರವಾರಗಳು ಇನ್ನೂ ಕಷ್ಟ. ಅಬ್ಲಾ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು, ಕಾನೂನ್ ಇಲ್ಲದೆಯೇ ಅಭ್ಯಾಸ ನಡೆಯುತ್ತಿತ್ತು. ಕೃತಿಯ ನಡುಭಾಗದಲ್ಲಿ ವಯೋಲಾಗೆ ಒಂದು ಉದ್ದದ ಒಂಟಿ ಸ್ವರವಿದೆ. ಸರ್ ಅಲ್ಲಿ ನಿಲ್ಲಿಸಿದರು.

"ಲೋವರ್," ಎಂದರು ಲೀಜಾಳಿಗೆ.

ಲೀಜಾ ಬೆರಳು ಒಂದು ಎಳೆ ಹಿಂದಕ್ಕೆ ಸರಿಸಿದಳು.

"ಲೋವರ್."

ಮತ್ತೆ ಸರಿಸಿದಳು. ನನ್ನ ಕಿವಿಗೆ ಆ ಸ್ವರ ಕೂರಬೇಕಾದ ಜಾಗ ದಾಟಿ ಹೋಯಿತು. ಅವರು ಇನ್ನೂ ಕೈ ಕೆಳಗೆ ಮಾಡುತ್ತಲೇ ಇದ್ದರು. ಕೊನೆಗೆ ಒಂದು ಕಡೆ ಅವರ ಮುಖ ಅರಳಿತು. "ದೇರ್! ಅದೇ! ಯಾರೂ ಅಲುಗಾಡ್ಬೇಡಿ!"

ಲೀಜಾ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: "ಅರಬ್ ಮ್ಯೂಸಿಕ್ ಇಸ್ ವೆರಿ ಡಿಫಿಕಲ್ಟ್, ನೋ?"

ನಾನು ತಲೆಯಾಡಿಸಿದೆ. ಆ ಹನ್ನೆರಡು ಜನರಲ್ಲಿ ಸಂಶಯಪಡಬಲ್ಲವಳು ನಾನೊಬ್ಬಳೇ. ಉಳಿದವರೆಲ್ಲ ಅರಬ್ಬಿ ಸಂಗೀತ ಹೀಗೇ ಇರಬೇಕು ಎಂದು ನಂಬಿ, ಒಂದು ಕೆಟ್ಟ ಕಿವಿಯ ಹಿಂದೆ ಶಿಸ್ತಿನಿಂದ ನಡೆಯುತ್ತಿದ್ದರು. ಬಾಯಿ ತೆರೆದರೆ ಎಲ್ಲ ತೆರೆಯಬೇಕಾಗುತ್ತಿತ್ತು. ಆ ಸ್ವರ ನಮ್ಮ ಪಾಲಿಗೆ ಬಂದಾಗ ನಾನೂ ನನ್ನ ಬೆರಳನ್ನು ಆ ತಪ್ಪು ಜಾಗಕ್ಕೆ ಇಳಿಸಿ ನುಡಿಸಿದೆ.

ಈದ್ ಕಳೆದು ಎರಡನೇ ವಾರ, ಮಂಗಳವಾರ ಮಧ್ಯಾಹ್ನ ಫೋನ್ ಬಂತು. ಅವರ ನಂಬರು.

"ನನಗೆ ಎಂತದೂ ಆಗ್ಲಿಲ್ಲ," ಎಂದರು ಮೊದಲು. ಆಮೇಲೆ, "ತಾಪಾನಿಗೆ ಆಯ್ತು," ಎಂದರು.

ಗೋದಾಮಿನ ಕಡೆ ಒಂದು ದೀಪ ಕೆಟ್ಟಿತ್ತಂತೆ. ಪ್ಯಾನೆಲ್ ರೂಮಿನಲ್ಲೇ ಇರುತ್ತೇನೆ ಎಂದವರು, ಐದು ನಿಮಿಷದ ಕೆಲಸ ಎಂದು ಹೊರಗೆ ಹೋಗಿದ್ದಾರೆ. ಹಿಂದಿನಿಂದ ಸರಕು ಎತ್ತುವ ಫೋರ್ಕ್‌ಲಿಫ್ಟ್ ಬೀಪ್ ಮಾಡುತ್ತಾ ಹಿಂದಕ್ಕೆ ಬಂದಿದೆ. ಲೋಡಿಂಗಿನ ನೇಪಾಳಿ ಕೆಲಸಗಾರ ತಾಪಾ ಓಡಿಬಂದು ಅವರನ್ನು ತಳ್ಳಿದ್ದಾನೆ. ಅವರು ಆಚೆ ಬಿದ್ದರು. ತಾಪಾನ ಬಲಗೈ ಗಾಡಿಗೂ ಕಬ್ಬಿಣದ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಎರಡು ಕಡೆ ಮೂಳೆ ಮುರಿಯಿತು.

ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದೆವು. ತಾಪಾನಿಗೆ ನಲವತ್ತರ ಆಸುಪಾಸು, ಗಿಡ್ಡ ಆಳು. ಭುಜದಿಂದ ಬೆರಳಿನವರೆಗೆ ಪ್ಲಾಸ್ಟರು. ಸರ್ ಅವನ ಮಂಚದ ಪಕ್ಕ ನಿಂತು ಏನು ಹೇಳಬೇಕೆಂದು ತಿಳಿಯದೆ ಚಾದರದ ಅಂಚನ್ನು ಸರಿಮಾಡುತ್ತಿದ್ದರು. ತಾಪಾ ಸಿಟ್ಟು ಮಾಡಲಿಲ್ಲ. ಅವನಿಗೆ ಇದ್ದದ್ದು ಆಶ್ಚರ್ಯ ಮಾತ್ರ.

"ಮಾಸ್ಟರ್‌ಜೀ, ಮೈನೇ ತೀನ್ ಬಾರ್ ಆವಾಜ್ ದಿಯಾ," ಎಂದ. ಮೂರು ಸಲ ಕೂಗಿದೆ. "ಆಪ್ ಗಾನಾ ಸೋಚ್ ರಹೇ ಥೇ ಕ್ಯಾ?" ಹಾಡಿನ ಯೋಚನೆಯಲ್ಲಿದ್ದಿರಾ?

ಸರ್‌ಗೆ ಅದು ಕೇಳಿಸಿತೋ ಇಲ್ಲವೋ, ನನ್ನ ಕಡೆ ನೋಡಿದರು. ನಾನು ಅವರ ಬಲಗಿವಿಯ ಹತ್ತಿರ ಬಾಗಿ ಹೇಳಬೇಕಾಯಿತು. ನನ್ನ ಬಾಯಿಂದಲೇ ಆ ಮಾತು ಹೇಳಿದೆ: "ಮೂರು ಸಲ ಕರೆದನಂತೆ." ಅವರು ಗೋಡೆ ಹಿಡಿದುಕೊಂಡರು.

ಮಾರನೆಯ ದಿನ ಬೆಳಿಗ್ಗೆ ಅವರು ಮ್ಯಾನೇಜರರ ಕೋಣೆಗೆ ಹೋಗಿ, ತನಗೆ ಕಿವಿ ಕೇಳುವುದಿಲ್ಲ, ಎರಡು ವರ್ಷದಿಂದ ತಾಳ ಲೆಕ್ಕ ಹಾಕಿ ಪರೀಕ್ಷೆ ಪಾಸಾಗುತ್ತಿದ್ದೇನೆ, ತಾಪಾನ ಕೈ ತನ್ನಿಂದ ಮುರಿದದ್ದು ಎಂದು ಹೇಳಿದರು. ಸಂಜೆ ನನಗೆ ಫೋನ್ ಮಾಡಿ, "ನಿನ್ನ ವಿಷಯ ಬರ್ಲಿಲ್ಲ. ನೀನು ಹೆದರ್ಬೇಡ," ಎಂದರು.

ನಾನು ದೇವರಿಗೆ ಕೈಮುಗಿದೆ. ಅದನ್ನು ಮುಚ್ಚಿಡುವುದಿಲ್ಲ. ಮೊದಲು ಬಂದದ್ದು ನೆಮ್ಮದಿ. ಮೂರು ದಿನ ಆ ನೆಮ್ಮದಿಯಲ್ಲಿ ಕೆಲಸಕ್ಕೆ ಹೋದೆ. ಪೆಟ್ಟಿಗೆಯೊಳಗೆ ಯಾರನ್ನು ಕೂರಿಸಿದರೂ ಅವನ ಹಿಂದೆ ಪ್ಲಾಸ್ಟರು ಹಾಕಿದ ಒಂದು ಕೈ ಕಾಣುತ್ತಿತ್ತು. ನಾಲ್ಕನೇ ದಿನ ನಮ್ಮ ಡಾಕ್ಟರಮ್ಮನ ಬಾಗಿಲು ತಟ್ಟಿದೆ. ಈಜಿಪ್ಟಿನವರು, ಕಡಿಮೆ ಮಾತಿನವರು. ಕಡತ ತೆರೆದಿಟ್ಟು ಎಲ್ಲ ಹೇಳಿದೆ. ಅವರು ತಾರೀಕಿನ ಮೇಲೆ ಬೆರಳಿಟ್ಟು, "ಎರಡು ತಿಂಗಳು ಯಾಕೆ?" ಎಂದರು.

"ಅವರು ಕೇಳಿಕೊಂಡರು."

"ನೀನು ಅವನ ಕಿವಿ ಅಳೆದೆ. ಅವನ ಪಕ್ಕ ನಿಂತು ಕೆಲಸ ಮಾಡುವವನನ್ನು ಅಳೆಯಲಿಲ್ಲ," ಎಂದರು ಇಂಗ್ಲಿಷಿನಲ್ಲಿ. ದನಿ ಏರಿಸಲಿಲ್ಲ. ನನ್ನನ್ನು ಪರೀಕ್ಷೆಯ ಕೋಣೆಯಿಂದ ತೆಗೆದು ಒಂದು ವರ್ಷ ಮುಂದಿನ ಕೌಂಟರಿನಲ್ಲಿ ಕೂರಿಸಿದರು. ನನ್ನ ಕಡತಕ್ಕೆ ಎಚ್ಚರಿಕೆಯ ಪತ್ರ ಸೇರಿತು. ಆವತ್ತು ರಾತ್ರಿ ಗಂಡನಿಗೆ ಹೇಳಿದೆ, ಬಹಳ ದಿನದ ನಂತರ ನಿದ್ದೆ ಬಂತು. ತಾಪಾನ ಕೈ ಕೂಡಿಕೊಂಡಿತು, ಪೂರ್ತಿ ಮೇಲೆತ್ತಲು ಮಾತ್ರ ಆಗುವುದಿಲ್ಲ. ಅವನಿಗೆ ಸ್ಟೋರಿನಲ್ಲಿ ಹಗುರ ಕೆಲಸ ಕೊಟ್ಟರು. ಈಗಲೂ ಇದ್ದಾನೆ. ಸರ್‌ಗೆ ಆ ತಿಂಗಳ ಕೊನೆಯವರೆಗೆ ಸಮಯ ಸಿಕ್ಕಿತು, ಆಮೇಲೆ ಊರಿಗೆ.

ಕಚೇರಿಗೆ ಎರಡು ವಾರ ಉಳಿದಿತ್ತು. ಸರ್ ಅದನ್ನು ಕೈಬಿಡುತ್ತೇನೆ ಎಂದರು. ಗುದೈಬಿಯಾದ ಅವರ ರೂಮಿಗೆ ಹೋದಾಗ ಹಾಳೆಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದರು. "ಇದ್ರಲ್ಲಿ ಎಷ್ಟು ಸುಳ್ಳೋ ಗೊತ್ತಿಲ್ಲ. ಜನರ ಎದುರು ಸುಳ್ಳು ನುಡಿಸ್ಲಿಕ್ಕೆ ಆಗುದಿಲ್ಲ. ಅದೂ ಈ ಊರಿನವರ ಎದುರು, ಅವರದೇ ಸಂಗೀತ."

"ಗೊತ್ತಿರುವವರ ಹತ್ರ ಕೇಳುವ ಸರ್."

"ಅಬ್ಲಾ ಹತ್ರವಾ?" ಅವರ ಕಣ್ಣಲ್ಲಿ ನಾನು ಕಂಡ ಹೆದರಿಕೆ ಮ್ಯಾನೇಜರರ ಹತ್ತಿರ ಹೋಗುವಾಗಲೂ ಇದ್ದಿರಲಾರದು. "ಅವರು ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

ಟ್ಯಾಕ್ಸಿ ಮಾಡಿ ಮುಹರ್ರಕ್‌ಗೆ ಹೋದೆವು. ಅಬ್ಲಾ ಕಾಲು ಚಾಚಿ ಕೂತಿದ್ದರು, ಕಾನೂನ್ ಮೇಜಿನ ಮೇಲಿತ್ತು. ನಾನೇ ಎಲ್ಲ ವಿವರಿಸಿದೆ. ಅವರು ಒಂದು ಮಾತೂ ಆಡದೆ ತೋರುಬೆರಳುಗಳಿಗೆ ಮೀಟುವ ಉಂಗುರ ಹಾಕಿಕೊಂಡರು. ಸರ್ ಪಿಟೀಲು ಎತ್ತಿ ವಯೋಲಾದ ಆ ಉದ್ದದ ಸ್ವರವನ್ನು, ತಾವು ಲೀಜಾಳಿಗೆ ಹೇಳಿಕೊಟ್ಟ ಜಾಗದಲ್ಲೇ, ನುಡಿಸಿದರು.

ಅಬ್ಲಾ ಒಂದು ಕೀಲು ಇಳಿಸಿ ಮೀಟಿದರು. ಇನ್ನೊಂದು ಇಳಿಸಿದರು. ಮತ್ತೊಂದು.

"ಲಾ," ಎಂದರು. "ರಾಸ್ತ್‌ನಲ್ಲಿ ಇದು ಇಲ್ಲಿ. ಬಯಾತಿಯಲ್ಲಿ ಒಂದು ಕೂದಲು ಕೆಳಗೆ, ಇಲ್ಲಿ. ನಿನ್ನದು ಎರಡೂ ಅಲ್ಲ. ಇದು ಯಾರದ್ದೂ ಅಲ್ಲ."

"ಹಾಗಾದ್ರೆ ನನ್ನ ಕಿವಿಯದ್ದು," ಎಂದರು ಸರ್.

"ಹೌದು, ನಿನ್ನ ಕಿವಿಯದ್ದು."

ಅವರು ಪಿಟೀಲನ್ನು ಮಡಿಲಲ್ಲಿಟ್ಟು ತಲೆ ತಗ್ಗಿಸಿದರು. ಎರಡು ವರ್ಷ ಹೆದರಿದ್ದು ನಿಜವೇ ಆಗಿತ್ತು. ನನಗೆ ಅವರನ್ನು ಅಲ್ಲಿಂದ ಕರೆದುಕೊಂಡು ಓಡಿಹೋಗಬೇಕು ಅನಿಸಿತು. ಅಬ್ಲಾ ಮಾತ್ರ ಕನ್ನಡಕ ಹಾಕಿಕೊಂಡು, "ಯಾ ಉಸ್ತಾದ್, ಮೊದಲ ಪುಟ ತೆಗಿ," ಎಂದರು.

ಮೂರು ಮಧ್ಯಾಹ್ನ ಕೂತೆವು. ಅಬ್ಲಾ ಒಂದೊಂದು ಸ್ವರವನ್ನೂ ಮೀಟಿ, ಕೀಲಿನ ಲೆಕ್ಕ ಹೇಳುತ್ತಿದ್ದರು. ಸರ್ ತಮ್ಮ ಕಿವಿಯನ್ನು ಬದಿಗಿಟ್ಟು, ಅವರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಜೀವನವಿಡೀ ಇನ್ನೊಬ್ಬರನ್ನು ತಿದ್ದಿದ ಮನುಷ್ಯ. ಪ್ರತಿ ಪುಟಕ್ಕೂ ಮೊದಲು ಅವರ ಕಣ್ಣು ಅಬ್ಲಾರ ಮುಖದ ಮೇಲಿರುತ್ತಿತ್ತು. ಒಮ್ಮೆ ಅಬ್ಲಾಗೆ ರೇಗಿತು: "ನನ್ನ ಮುಖದಲ್ಲಿ ಏನೂ ಬರೆದಿಲ್ಲ. ಹಾಳೆಯಲ್ಲಿ ಬರಿ!" ಒಟ್ಟು ಹದಿನಾಲ್ಕು ಜಾಗ ತಪ್ಪಿದ್ದವು. ಉಳಿದವುಗಳಿಗೆ ಅಬ್ಲಾ ಏನೂ ಹೇಳದೆ ಪುಟ ತಿರುಗಿಸಿದರು. ಆ ಮೌನವನ್ನು ಹೇಗೆ ತೆಗೆದುಕೊಳ್ಳಬೇಕೆಂದು ಸರ್‌ಗೆ ತಿಳಿಯಲಿಲ್ಲ.

ಕಚೇರಿ ಶುಕ್ರವಾರ ಸಂಜೆ. ಅರುವತ್ತು ಜನ ಬಂದಿರಬಹುದು. ಕೋಲು ಹಿಡಿಯುವುದಿಲ್ಲ ಎಂದು ಸರ್ ಮೊದಲೇ ಹೇಳಿದ್ದರು. ಅಬ್ಲಾ ಕಾನೂನ್ ಮುಂದೆ ಕೂತು ತಲೆಯಾಡಿಸಿಯೇ ನಮ್ಮನ್ನು ನಡೆಸಿದರು. ಸರ್ ಮುಂದಿನ ಸಾಲಿನಲ್ಲಿದ್ದರು, ಪಕ್ಕದಲ್ಲಿ ಮುರಿದ ಕೈಯನ್ನು ಕೊರಳಿಗೆ ಜೋತುಹಾಕಿಕೊಂಡ ತಾಪಾ. ಲೀಜಾಳ ಉದ್ದದ ಸ್ವರ ಬಂತು. ಅವಳು ಹೊಸದಾಗಿ ಕಲಿತ ಜಾಗದಲ್ಲಿ ಬೆರಳಿಟ್ಟಳು, ಕದಲಲಿಲ್ಲ. ಅಲ್ಲಿಂದ ಮುಂದೆ ಸೀಕಾ ರಾಗದ ಅಲೆದಾಟವೆಲ್ಲ ಮುಗಿದು, ತಂತಿಗಳು ಮಾತ್ರ ಮೆಲ್ಲನೆ ಇಳಿದು ರಾಸ್ತ್‌ನ ಷಡ್ಜಕ್ಕೆ ಬಂದು ನಿಲ್ಲುವ ಒಂದು ಜಾಗವಿದೆ. ಅಲ್ಲಿ ಕಾನೂನ್‌ಗೆ ಬಿಡುವು. ಅಬ್ಲಾ ಕೈಗಳನ್ನು ವಾದ್ಯದ ಮೇಲೆ ಮಲಗಿಸಿದ್ದರು. ನಾವು ಬಂದು ನಿಂತ ಕ್ಷಣ ಅವರ ಬಾಯಿಂದ ತಾನಾಗಿ ಒಂದು ಮಾತು ಹೊರಬಿತ್ತು: "ಅಲ್ಲಾಹ್."

ಅರಬ್ಬರು ಸಂಗೀತ ಕೇಳುವಾಗ ಎದೆ ತುಂಬಿದ ಕಡೆ ಹಾಗೆನ್ನುತ್ತಾರೆ. ಬೇಕೆಂದು ಹೇಳುವ ಮಾತಲ್ಲ ಅದು. ಅವರ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

ಕಚೇರಿ ಮುಗಿದು ಜನ ಏಳುತ್ತಿದ್ದಂತೆ ಸರ್ ನನ್ನನ್ನು ಕಾರಿಡಾರಿಗೆ ಎಳೆದರು. ಮುಖ ಬಿಳಿಚಿತ್ತು.

"ಎಲ್ಲಿ ತಪ್ಪಿತು?" ಎಂದರು.

"ಎಂತ ಸರ್?"

"ಅಬ್ಲಾ ನಡುವೆ ಎಂತದೋ ಹೇಳಿದ್ರು. ತುಟಿ ಅಲುಗಿದ್ದು ನಾನು ನೋಡಿದೆ. ಮುಚ್ಚಿಡ್ಬೇಡ. ಎಲ್ಲಿ ತಪ್ಪಿತು?"

ನಾನು ಅವರ ಬಲಗಿವಿಗೆ ಬಾಯಿ ತಂದು, "ತಪ್ಪಲಿಲ್ಲ ಸರ್. ಅಲ್ಲಾಹ್ ಅಂದ್ರು," ಎಂದೆ.

ಅವರು ನಂಬಲಿಲ್ಲ. "ಅಬ್ಲಾ?"

"ಅಬ್ಲಾ."

"ಎಲ್ಲಿ? ತೋರ್ಸು."

ಅವರ ಕಂಕುಳಲ್ಲಿದ್ದ ಮೂಲ ಹಾಳೆಗಳನ್ನು ತೆರೆದು ಪುಟ ಹುಡುಕಿ, ತಂತಿಗಳು ಇಳಿದು ಬರುವ ಆ ಮೂರು ಸಾಲುಗಳ ಮೇಲೆ ಬೆರಳಿಟ್ಟೆ. ಅವರು ಬಗ್ಗಿ ನೋಡಿದರು.

"ಇದು ಈ ರಂಜಾನಿನಲ್ಲಿ ಬರೆದದ್ದು," ಎಂದರು. "ನೀನು ಟೆಸ್ಟ್ ಮಾಡಿದ ಮೇಲೆ. ಎರಡು ಕಿವಿಯೂ ಹೋದ ಮೇಲೆ." ಆಮೇಲೆ ಹೆದರುತ್ತಲೇ ಕೇಳಿದರು, "ಇದನ್ನು ಅಬ್ಲಾ ತಿದ್ದಿದ್ದಾರಾ?"

"ನೋಡಿ ಸರ್."

ಅವರು ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಮೇಲಿನಿಂದ ಕೆಳಗೆ, ಒಂದೊಂದು ಸಾಲಿನ ಮೇಲೂ ಬೆರಳಾಡಿಸಿ ನೋಡಿದರು. ಒಂದು ಪೆನ್ಸಿಲ್ ಗುರುತೂ ಇರಲಿಲ್ಲ.

"ಹಾಗಾದ್ರೆ ಇದು ನನಗೆ ಸರಿಯಾಗೇ ಕೇಳಿತ್ತು," ಎಂದರು.